ಮಂಡಿನೋವಿಗೆ ಖಾರದ ಕ್ರೀಮ್: 0.025 ಸಾಕೋ, 0.075 ಬೇಕೋ?

ಎರಡನ್ನೂ ಹಚ್ಚಿ ನೋಡಿದ ಮೇಲೆ ಹೇಳುವುದಾದರೆ, ಸವೆದ ಮಂಡಿಗೆ ಶೇ. 0.025ರ ಕ್ಯಾಪ್ಸೈಸಿನ್ (ಮೆಣಸಿನಕಾಯಿಯ ಖಾರದ ಅಂಶ) ಕ್ರೀಮೇ ಸರಿ. ಶೇ. 0.075ರದ್ದು ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ನರದ ನೋವಿಗೆ, ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಇರುವಂಥದ್ದು. ಮಂಡಿಯ ಮೇಲೆ ಅದರಿಂದ ನನಗೆ ಉರಿ ಹೆಚ್ಚಿತೇ ಹೊರತು ನೋವು ಬೇಗ ಇಳಿಯಲಿಲ್ಲ.

ಖಾರ ತಾಗುವುದು ನರದ ತುದಿಯಲ್ಲಿ ಉರಿಯನ್ನು ಗ್ರಹಿಸುವ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಕೆರಳುವುದೂ ಅದೇ. ಇದನ್ನು 1997ರಲ್ಲಿ ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಬಿಡದೆ ಕೆರಳಿಸುತ್ತಿದ್ದರೆ ನರದ ತುದಿ ಮಂಕಾಗಿ ನೋವು ತಗ್ಗುತ್ತದೆ. ಹಾಗಾಗಿ ನೋವು ಬಂದಾಗಷ್ಟೇ ಹಚ್ಚುವವರಿಗೆ ಸಿಗುವುದು ಬರೀ ಉರಿ. ಬಟಾಣಿ ಕಾಳಿನಷ್ಟು ಕ್ರೀಮ್, ದಿನಕ್ಕೆ 4 ಸಲ, ನಡುವೆ ಕನಿಷ್ಠ 4 ಗಂಟೆ ಬಿಡುವು. ಗುಣ ಕಾಣಲು 2ರಿಂದ 4 ವಾರ ಬೇಕು.

ನಿಜವಾದ ತಲೆನೋವು ಕೈಗೆ ಅಂಟಿದ ಖಾರ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ತೊಳೆದ ಬೆರಳು ಕಣ್ಣಿಗೆ ತಾಗಿದರೆ ಮುಗಿಯಿತು. ಮೊದಲು ಒಣ ಕೈಗೆ ಅಡುಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ದ್ರಾವಣದಿಂದ ತಿಕ್ಕಿ ತೊಳೆಯಬೇಕು. ಉಗುರಿನ ಸಂದಿ ಮರೆಯಬಾರದು. ಕೈಗವಸು ಹಾಕಿಕೊಂಡು ಹಚ್ಚುವುದು ಇನ್ನೂ ಸುಲಭ.

ಹಚ್ಚುವ ಮುಂಚೆಯಾಗಲಿ ಹಚ್ಚಿದ ಮೇಲಾಗಲಿ ಬಿಸಿನೀರಿನ ಸ್ನಾನ ಬೇಡ. ಬಿಸಿಗೆ ಅದೇ ಗ್ರಾಹಕ ಮತ್ತೆ ಕೆರಳುತ್ತದೆ. ಬೆವರಿದರೂ ಇದೇ ಪಾಡು. ಮೇಲೆ ಬಿಗಿಯಾದ ಪಟ್ಟಿ ಸುತ್ತಬಾರದು, ತರಚಿದ ಚರ್ಮಕ್ಕೆ ಹಚ್ಚಲೇಬಾರದು. ಮೊದಲ ಕೆಲವು ದಿನಗಳ ಉರಿ ತಪ್ಪದೆ ಹಚ್ಚುತ್ತಿದ್ದರೆ ತಾನಾಗಿ ಇಳಿಯುತ್ತದೆ. ಗುಳ್ಳೆ ಎದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ನೋವು, ಊತ ತಗ್ಗಿಸಲು ಹಚ್ಚುವ ಇನ್ನೊಂದು ಔಷಧಿ ಡೈಕ್ಲೋಫೆನಾಕ್ ಜೆಲ್ ಉರಿಯುವುದಿಲ್ಲ, ಕೈ ತೊಳೆಯುವುದೂ ಸಲೀಸು. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಹಚ್ಚಬೇಕು. ಮೆಂಥಾಲ್, ಡೈಕ್ಲೋಫೆನಾಕ್, ಕ್ಯಾಪ್ಸೈಸಿನ್ ಎಲ್ಲ ಬೆರೆಸಿದ ಜೆಲ್‌ಗಳಿಗೆ ನಾನು ದುಡ್ಡು ಹಾಕುವುದಿಲ್ಲ. ಯಾವುದು ಕೆಲಸ ಮಾಡಿತು ಎಂಬುದೇ ತಿಳಿಯದು. ಚರ್ಮಕ್ಕೆ ಅಂಟಿಸುವ ಶೇ. 8ರ ಕ್ಯಾಪ್ಸೈಸಿನ್ ಪಟ್ಟಿಯಂತೂ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳುವಂಥದ್ದು.

ಹೊತ್ತುಹೊತ್ತಿಗೆ ಹಚ್ಚುವ ಅಭ್ಯಾಸ ಇರುವವರು ಶೇ. 0.025ರ ಚಿಕ್ಕ ಟ್ಯೂಬಿನಿಂದ ಶುರುಮಾಡಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ, ಕೈಗೂಸು ಎತ್ತಿಕೊಳ್ಳುವವರಿಗೆ ಡೈಕ್ಲೋಫೆನಾಕ್ ಜೆಲ್ಲೇ ವಾಸಿ.