ಚಕ್ರಕ್ಕೆ ಬಣ್ಣ ಹೊಡೆಯುವವರೇ, ನಟ್ ಕೂರುವ ಜಾಗಕ್ಕೆ ಬಣ್ಣ ತಾಗಿಸಬೇಡಿ

ಕಾರಿನ ಅಲಾಯ್ ಚಕ್ರದ ಗೀರು ಮುಚ್ಚಲು ಮನೆಯಲ್ಲೇ ಬಣ್ಣ ಹೊಡೆದು ನಾನು ತಂದುಕೊಂಡ ಅಪಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂದು ಕಾರಿನಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು ಇದ್ದರು. ಶಿರಾಡಿ ಘಾಟಿ ಹತ್ತುವ ಮೊದಲೇ, ನೆಲ್ಯಾಡಿಯಲ್ಲಿ, ಗಾಡಿ ನಿಲ್ಲಿಸಿದ್ದರಿಂದ ಉಳಿದೆವು. ಇದೇ ಕೆಲಸಕ್ಕೆ ಕೈ ಹಾಕಲು ಹೊರಟಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಮಂಗಳೂರಿನ ನಮ್ಮ ಬೀದಿ ಇಕ್ಕಟ್ಟಿನದು. ಜೂನ್ ಕೊನೆಯ ವಾರ ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡುವಾಗ ಕಾರಿನ ಎಡಗಡೆಯ ಎರಡೂ ಚಕ್ರಗಳು ಚರಂಡಿಯ ಕಾಂಕ್ರೀಟ್ ಅಂಚಿಗೆ ಉಜ್ಜಿದವು. ಅಂಚಿನಲ್ಲಿ ಗೇಣುದ್ದ ತರಚಿ ಬಿಳಿಯ ಲೋಹ ಕಾಣುತ್ತಿತ್ತು. ರಿಪೇರಿಯವರು ಒಂದು ಚಕ್ರಕ್ಕೆ 2,800 ರೂಪಾಯಿ ಹೇಳಿದರು. ಉಪ್ಪು ಕಾಗದ, ಪುಟ್ಟಿ, ಪ್ರೈಮರ್, ಬೆಳ್ಳಿ ಬಣ್ಣದ ಸ್ಪ್ರೇ ಡಬ್ಬಿ, ಕೊನೆಗೆ ಹೊಳಪಿಗೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಡಬ್ಬಿ ಎಲ್ಲ ಸೇರಿ ನನಗೆ ಅದರ ಅರ್ಧವೂ ಆಗಲಿಲ್ಲ. ಮನೆಯ ಗ್ರಿಲ್ಲು, ಗೇಟುಗಳಿಗೆ ನಾನೇ ಬಣ್ಣ ಹೊಡೆದವನು, ಇದೂ ಅಂಥದ್ದೇ ಎಂದುಕೊಂಡೆ. ಅಲ್ಲಿಯೇ ನನ್ನ ಲೆಕ್ಕ ತಪ್ಪಿತು. ಗೇಟು ಬಣ್ಣ ಬಿಟ್ಟರೆ ಚೆಂದ ಕೆಡುತ್ತದೆ, ಅಷ್ಟೆ. ಚಕ್ರದ ಮೇಲೆ ಐದು ಜನರ ಜೀವ ಕುಳಿತಿರುತ್ತದೆ.

ಉಜ್ಜುವ ಕೆಲಸ ಚೆನ್ನಾಗಿಯೇ ಆಯಿತು. 120ರ ಕಾಗದದಿಂದ ಆರಂಭಿಸಿ 240, 400, ಕೊನೆಗೆ ನೀರು ಹಾಕಿ 800ರವರೆಗೆ ತಿಕ್ಕಿದೆ. ಪುಟ್ಟಿ ಚೆನ್ನಾಗಿ ಹಿಡಿಯಿತು, ಪ್ರೈಮರ್ ಕುಳಿತಿತು. ಕಾಟ ಕೊಟ್ಟದ್ದು ಕ್ಲಿಯರ್. ಹೊರಗೆ ಬಿಡದೆ ಸುರಿಯುತ್ತಿದ್ದ ಮಳೆ, ಗಾಳಿಯಲ್ಲೆಲ್ಲ ತೇವ. ಕ್ಲಿಯರಿನ ದ್ರಾವಕ ಬೇಗ ಆರುವಾಗ ಚಕ್ರದ ಮೈ ತಂಪಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ಮಿಂಚಬೇಕಾದ ಮೈ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತು. ಮರುದಿನ ಮೇಲೆ ಮೇಲೆ ಉಜ್ಜಿ ಮತ್ತೆ ಬಣ್ಣ, ಮತ್ತೆ ಕ್ಲಿಯರ್ ಹೊಡೆದೆ. ಮಳೆಗೆ ಹೆದರಿ ಈ ಕೆಲಸವನ್ನೆಲ್ಲ ಬಾಗಿಲು ಮುಚ್ಚಿದ ವರಾಂಡದಲ್ಲಿ ಮಾಡಿದ್ದರಿಂದ ಪಕ್ಕದ ಕೋಣೆಯಲ್ಲಿದ್ದ ಅಮ್ಮ ಎರಡು ದಿನ ಕೆಮ್ಮಿದರು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಮನೆಯಲ್ಲಿ ಹಿರಿಯರು, ಮಕ್ಕಳು ಇದ್ದರೆ ಸ್ಪ್ರೇ ಡಬ್ಬಿಯನ್ನು ಒಳಗೆ ತರಲೇಬೇಡಿ. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಬಗೆಯ ಕ್ಲಿಯರ್ ಆದರೆ ಇನ್ನೂ ಅಪಾಯ, ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶವನ್ನೇ ಕೆಡಿಸಬಲ್ಲದು.

ಇನ್ನು ದೊಡ್ಡ ತಪ್ಪು. ಟೈರಿಗೆ ಕಾಗದ ಸುತ್ತಿ ಟೇಪ್ ಅಂಟಿಸಿದ್ದೆ. ನಟ್ ಕೂರುವ ನಾಲ್ಕು ತೂತುಗಳನ್ನು ಮುಚ್ಚಿರಲಿಲ್ಲ. ಅಷ್ಟೇ ಅಲ್ಲ, ತೂತಿನೊಳಗೆ ಬಣ್ಣ ಹೋಗದಿದ್ದರೆ ಕಪ್ಪಾಗಿ ಕಾಣುತ್ತದೆಂದು ಬೇಕೆಂದೇ ಅಲ್ಲಿಗೂ ಹೊಡೆದೆ. ಚಕ್ರವನ್ನು ಮಗುಚಿ ಹಿಂಬದಿಗೂ ಎರಡು ಕೋಟು ಕೊಟ್ಟೆ. ಹಿಂಬದಿಯ ನಡುವೆ ಹಬ್ಬಿಗೆ, ಅಂದರೆ ಚಕ್ರವನ್ನು ಹೊತ್ತು ತಿರುಗುವ ಕಾರಿನ ಭಾಗಕ್ಕೆ, ಒತ್ತಿಕೊಂಡು ಕೂರುವ ಚಪ್ಪಟೆ ಜಾಗವಿದೆಯಲ್ಲ, ಅದೂ ಬೆಳ್ಳಿಯಂತೆ ಹೊಳೆಯತೊಡಗಿತು. ಶನಿವಾರ ಚಕ್ರ ಹಾಕಿ, ಗಾಡಿಯ ಜೊತೆ ಬಂದ ಸ್ಪ್ಯಾನರಿನಿಂದ ಶಕ್ತಿಯೆಲ್ಲ ಹಾಕಿ ಬಿಗಿದೆ. ನಂಟರಿಷ್ಟರು ನೋಡಿ ಹೊಸ ಚಕ್ರ ಹಾಕಿಸಿದೆಯಾ ಎಂದು ಕೇಳಿದರು. ಒಂದು ವಾರ ಊರೊಳಗೆ ಓಡಾಡಿದೆ. ಮತ್ತೊಮ್ಮೆ ಸ್ಪ್ಯಾನರ್ ಹಚ್ಚಿ ನೋಡಬೇಕೆಂದು ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಸಕಲೇಶಪುರದ ಭಾವನ ಮನೆಗೆ ಹೊರಟೆವು. ಬಿ.ಸಿ. ರೋಡ್ ದಾಟಿದ ಮೇಲೆ ಸ್ಟಿಯರಿಂಗ್ ಸಣ್ಣಗೆ ನಡುಗತೊಡಗಿತು. ರಸ್ತೆಯೇ ಹಾಗಿದೆ ಎಂದುಕೊಂಡೆ. ಉಪ್ಪಿನಂಗಡಿ ಕಳೆದ ಮೇಲೆ ನಿಧಾನವಾದಾಗಲೆಲ್ಲ ಎಡಗಡೆಯಿಂದ ಟಕ್ ಟಕ್ ಸದ್ದು. ಹಿಂದೆ ಕುಳಿತಿದ್ದ ಅಮ್ಮ, "ಏನೋ ಬಡಿಯುತ್ತಿದೆಯಲ್ಲ, ಒಮ್ಮೆ ನಿಲ್ಲಿಸು ಮಗ" ಎಂದರು. ಅವರ ಮಾತಿಗೆ ನೆಲ್ಯಾಡಿಯ ಪಂಕ್ಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ.

ಅಂಗಡಿಯ ಹಿರಿಯರು ಬಗ್ಗಿ ನೋಡಿ ಮುಂದಿನ ಎಡ ಚಕ್ರದ ಒಂದು ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ಕೈಗೆ ತೆಗೆದುಕೊಂಡರು. ಉಳಿದ ಮೂರೂ ಸಡಿಲವಾಗಿದ್ದವು. ಚಕ್ರ ಕಳಚಿದಾಗ ತೂತುಗಳ ಸುತ್ತ ಬಣ್ಣ ಹುಡಿಯಾಗಿ, ಬಳೆಯಂತೆ ಸುಲಿದು ಬಂದಿತ್ತು. "ಇದಕ್ಕೆ ಬಣ್ಣ ಹೊಡೆದದ್ದು ಯಾರು?" ಎಂದು ಕೇಳಿದರು. ನಾನೇ ಎಂದೆ. "ನಟ್ ಬಣ್ಣದ ಮೇಲೆ ಕುಳಿತಿತ್ತು ಸರ್, ಅಲಾಯಿಯ ಮೇಲೆ ಕುಳಿತಿರಲೇ ಇಲ್ಲ. ಇದರಲ್ಲಿ ಘಾಟಿ ಹತ್ತುತ್ತಿದ್ದಿರಾ?" ಎಂದರು. ಆ ಪ್ರಶ್ನೆಗೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮಕ್ಕಳು ಅಂಗಡಿಯ ಬೆಂಚಿನ ಮೇಲೆ ಕುಳಿತು ಬಿಸ್ಕತ್ತು ತಿನ್ನುತ್ತಿದ್ದರು.

ಹಾಗೇಕಾಯಿತು ಎಂಬುದು ಆಮೇಲೆ ಅರ್ಥವಾಯಿತು. ನಟ್ ಬಿಗಿದಾಗ ಸ್ಟಡ್, ಅಂದರೆ ಹಬ್ಬಿನಿಂದ ಹೊರಚಾಚಿ ನಟ್ ಹಿಡಿಯುವ ಬೋಲ್ಟು, ತುಸುವೇ ಹಿಗ್ಗುತ್ತದೆ. ಸ್ಪ್ರಿಂಗ್ ಎಳೆದು ಹಿಡಿದಂತೆ ಆ ಹಿಗ್ಗೇ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಅದರ ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟು ಕಡಿಮೆ. ನಾನು ಹೊಡೆದ ಪ್ರೈಮರ್, ಬಣ್ಣ, ಕ್ಲಿಯರ್, ಅವುಗಳ ಮೇಲೆ ಎರಡನೆಯ ಸುತ್ತು ಎಲ್ಲ ಸೇರಿದರೆ ಬಣ್ಣದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಬಣ್ಣ ಮೆತ್ತಗಿನ ವಸ್ತು. ಬ್ರೇಕಿನ ಬಿಸಿಗೆ ಇನ್ನೂ ಮೆತ್ತಗಾಗುತ್ತದೆ, ನಟ್ಟಿನ ಒತ್ತಡಕ್ಕೆ ನುಜ್ಜಾಗಿ ಬದಿಗೆ ಸರಿಯುತ್ತದೆ. ಅದು ಸರಿದಷ್ಟೂ ಸ್ಟಡ್ಡಿನ ಹಿಗ್ಗು ಇಳಿಯುತ್ತದೆ, ಹಿಡಿತ ಹೋಗುತ್ತದೆ. ಬಿಗಿಯುವಾಗ ನನ್ನ ತೋಳಿಗೆ ಸಿಕ್ಕ ಬಿಗಿ ನಿಜವೇ, ಆದರೆ ಅದು ಉಳಿಯುವಂಥದ್ದಾಗಿರಲಿಲ್ಲ.

ಅವರು ಸ್ಟೆಪ್ನಿ ಹಾಕಿಕೊಟ್ಟರು. ಹಿಂದಿನ ಎಡ ಚಕ್ರದ ನಟ್ಟುಗಳೂ ಸ್ಪ್ಯಾನರಿಗೆ ಕಾಲು ಸುತ್ತು ತಿರುಗಿದವು. ಅದನ್ನೂ ಬಿಚ್ಚಿ, ತೂತುಗಳನ್ನೂ ಹಿಂಬದಿಯ ಚಪ್ಪಟೆ ಜಾಗವನ್ನೂ ತಂತಿಯ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ ಮತ್ತೆ ಹಾಕಿದರು. ಪ್ರಯಾಣ ರದ್ದು ಮಾಡಿ ನಿಧಾನವಾಗಿ ಮಂಗಳೂರಿಗೆ ಹಿಂದಿರುಗಿದೆವು. ಮರುದಿನ ಗ್ಯಾರೇಜಿನಲ್ಲಿ ಮುಂದಿನ ಎಡಬದಿಯ ನಾಲ್ಕು ಸ್ಟಡ್ಡುಗಳನ್ನೂ ನಟ್ಟುಗಳನ್ನೂ ಬದಲಾಯಿಸಿದರು. ಚಕ್ರದ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರಿಂದ ಅದನ್ನು ಗುಜರಿಗೆ ಹಾಕಬೇಕಾಯಿತು.

ಆ ಗ್ಯಾರೇಜಿನವರು ಇನ್ನೊಂದು ವಿಷಯ ಹೇಳಿದರು. ಪುಟ್ಟಿ ಹಚ್ಚುವ ಮೊದಲು ಬಿರುಕು ನೋಡಿದ್ದಿರಾ ಎಂದು. ನೋಡಿರಲಿಲ್ಲ. ಉಳಿದ ಚಕ್ರದ ಪುಟ್ಟಿಯನ್ನೆಲ್ಲ ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಗೆರೆಯಾಗಿ ಕಾಣುತ್ತದೆ. ದೇವರ ದಯೆ, ಗೆರೆ ಮೂಡಲಿಲ್ಲ. ಗುಂಡಿಗೆ ಬಿದ್ದೋ ಅಂಚಿಗೆ ಬಡಿದೋ ಪೆಟ್ಟು ತಿಂದ ಚಕ್ರ ಸೊಟ್ಟಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅದು ಪುಟ್ಟಿಯ ಕೆಲಸವೇ ಅಲ್ಲ. ಮುಚ್ಚಿಟ್ಟ ಬಿರುಕು ಕಾಣುವ ಬಿರುಕಿಗಿಂತ ಕೆಟ್ಟದ್ದು.

ಇಷ್ಟಾದರೂ ಬರಿಯ ಗೀರನ್ನು ಮನೆಯಲ್ಲೇ ಸರಿಪಡಿಸುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆದರೆ ತೂತುಗಳಿಗೆ ಕಾಗದದ ಸುರುಳಿ ತುರುಕಿ, ಹಿಂಬದಿಯ ನಡುಭಾಗಕ್ಕೆ ರಟ್ಟು ಕತ್ತರಿಸಿ ಅಂಟಿಸಿದ ಮೇಲೆಯೇ ಡಬ್ಬಿ ಅಲ್ಲಾಡಿಸಿ. ಚಕ್ರ ಬಿಚ್ಚಿದ ಕಾರನ್ನು ಇಟ್ಟಿಗೆಯ ಮೇಲೋ ಕೆಂಪುಕಲ್ಲಿನ ಮೇಲೋ ನಿಲ್ಲಿಸಬೇಡಿ, ಅವು ಹೇಳದೆ ಕೇಳದೆ ಸೀಳುತ್ತವೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಎಣ್ಣೆ ಗ್ರೀಸು ಸವರಬೇಡಿ. ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ, ನನ್ನ ಕಾರಿಗೆ 11ರಿಂದ 13 ಕೆಜಿ-ಮೀಟರ್. ಅದು ತೋಳಿನ ಅಂದಾಜಿಗೆ ಸಿಗುವುದಲ್ಲ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕು. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ರೆಂಚ್ ಹಚ್ಚಿ.

ಈಗಾಗಲೇ ಬಣ್ಣ ಹೊಡೆದು ಓಡಿಸುತ್ತಿರುವವರು ಇಂದೇ ಒಂದು ನಟ್ ಬಿಚ್ಚಿ ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ನಟ್ ಒತ್ತುವ ಇಳಿಜಾರಿನಲ್ಲಿ ಬಣ್ಣವಿದ್ದರೆ ಹಿಂಬದಿಯಲ್ಲೂ ಇರಬಹುದು. ಆ ಚಕ್ರವನ್ನು ಕಳಚಿ ಎರಡೂ ಕಡೆ ಲೋಹ ಕಾಣುವವರೆಗೆ ಉಜ್ಜಿ ಬಿಗಿಯುವ ತನಕ ಗಾಡಿಯನ್ನು ಮನೆಯಿಂದ ಹೊರಗೆ ತೆಗೆಯಬೇಡಿ.