ಸ್ಪರ್ಧೆಗೆ ಚಿತ್ರ ಕೊಡುವ ಮುಂಚೆ ಅರ್ಜಿಯ ಹಿಂಬದಿ ಓದಿ

ಹೋದ ಡಿಸೆಂಬರ್ ಕೊನೆಯಲ್ಲಿ ಗಂಗಾವತಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಟೀಚರ್, ನಿಮ್ಮ ಮೋರೇರ ಮನಿ ಚಿತ್ರ ಕ್ಯಾಲೆಂಡರ್‌ನಾಗ ಬಂದೈತ್ರಿ! ಎಷ್ಟ್ ರೊಕ್ಕ ಕೊಟ್ರು?"

ನನಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಕ್ಯಾಲೆಂಡರ್ ಅಚ್ಚಾಗಿದ್ದೇ ಗೊತ್ತಿರಲಿಲ್ಲ.

ಆ ಚಿತ್ರಕ್ಕಾಗಿ ನಾನು ಮೂರು ಭಾನುವಾರ ಹಿರೇಬೆಣಕಲ್ ಗುಡ್ಡ ಹತ್ತಿದ್ದೆ. ದೊಡ್ಡ ದೊಡ್ಡ ಬಂಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಸಾವಿರಾರು ವರ್ಷ ಹಳೆಯ ಕಲ್ಮನೆಗಳು ಅಲ್ಲಿವೆ. ನಮ್ಮ ಕಡೆ ಮೋರೇರ ಮನಿ ಅನ್ನುವುದು ಇವಕ್ಕೇ. ಕೆಲವದರ ಗೋಡೆಯಲ್ಲಿ ದುಂಡನೆ ಕಿಂಡಿ. ಬೆಳಗಿನ ಬಿಸಿಲು ಕಿಂಡಿಯಿಂದ ಒಳಗೆ ಬೀಳುವ ಹೊತ್ತಿಗೆ ನಾನು ಅಲ್ಲಿರಬೇಕಿತ್ತು. ತಡವಾದರೆ ನಮ್ಮ ಕಡೆ ಬಿಸಿಲಿಗೆ ಜಲವರ್ಣ ಕಾಗದದ ಮೇಲೆ ಹರಡುವ ಮುಂಚೆಯೇ ಒಣಗಿಬಿಡುತ್ತದೆ. ಕಲ್ಮನೆಯೊಳಗಿನ ಕತ್ತಲಿಗೆ ಕಪ್ಪು ಬಣ್ಣ ಮುಟ್ಟಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿ ಆ ಕತ್ತಲು ತಂದೆ. ಮೊದಲೆರಡು ಹಾಳೆ ಕೆಟ್ಟವು, ಮೂರನೆಯದು ಒದಗಿತು.

ಕೊಪ್ಪಳದಲ್ಲಿ ಸ್ಪರ್ಧೆ ಇದೆ ಅಂತ ಗೊತ್ತಾದಾಗ ಅದನ್ನೇ ಕೊಟ್ಟೆ. ಯಾರು ನಡೆಸಿದ್ದು ಅಂತ ಇಲ್ಲಿ ಬರೆಯುವುದಿಲ್ಲ. ಪ್ರವೇಶಕ್ಕೆ 300 ರೂಪಾಯಿ, ಫ್ರೇಮಿಗೆ 1,100. ಬಹುಮಾನ ಬರಲಿಲ್ಲ. ಗೆದ್ದ ಚಿತ್ರ ನಿಜಕ್ಕೂ ನನ್ನದಕ್ಕಿಂತ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಚಿತ್ರ ವಾಪಸ್ ಕೇಳಿದರೆ, "ಇನ್ನೊಂದು ಪ್ರದರ್ಶನ ಐತ್ರಿ ಮೇಡಂ, ಮುಗಿದ ಮ್ಯಾಲೆ ಒಯ್ಯಿರಿ" ಅಂದರು. ಖುಷಿಯೇ ಆಯಿತು ನನಗೆ! ಜನ ನೋಡುತ್ತಾರಲ್ಲ ಅಂತ ಸುಮ್ಮನಾದೆ.

ಕ್ಯಾಲೆಂಡರ್ ಕೈಗೆ ಬಂದಾಗ ಮೊದಲು ನೋಡಿದ್ದು ಬಲಗಡೆಯ ಮೂಲೆ. ಸಹಿ ಇರಲಿಲ್ಲ. ಕೆಳಗಿನ ಎರಡು ಬೆರಳಗಲ ಕತ್ತರಿಸಿ, ಅಲ್ಲಿ ಜಾಹೀರಾತು ಕೂರಿಸಿದ್ದರು. ಅಮ್ಮ ಮಾತ್ರ ಅದನ್ನೇ ಅಡುಗೆಮನೆಯಲ್ಲಿ ತೂಗುಹಾಕಿದಳು. ಅವಳಿಗೆ ಏನು ಹೇಳಲಿ?

ಕೇಳಲು ಹೋದಾಗ ಸಂಘಟಕರು ಜಗಳಕ್ಕೇನೂ ಬರಲಿಲ್ಲ. ಚಹಾ ತರಿಸಿದರು. ಆಮೇಲೆ ನನ್ನದೇ ಅರ್ಜಿ ತೆಗೆದು, ತಿರುಗಿಸಿ, ಹಿಂಬದಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಹನ್ನೊಂದನೇ ನಿಯಮ: ಸ್ಪರ್ಧೆಗೆ ಬಂದ ಕೃತಿಗಳ ಎಲ್ಲ ಹಕ್ಕು ಸಂಘಟಕರದ್ದು. ಕೆಳಗೆ ನನ್ನ ಸಹಿ, ನೀಲಿ ಪೆನ್ನಿನಲ್ಲಿ, ಬಲು ಅಚ್ಚುಕಟ್ಟಾಗಿ.

ಪರಿಚಯದ ವಕೀಲರೊಬ್ಬರು ಬಿಡಿಸಿ ಹೇಳಿದ ಮೇಲೆಯೇ ನನಗೆ ಅರ್ಥವಾಗಿದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಇಂಥ ಚಿತ್ರದ ಹಕ್ಕಿಗೆ ಬರೆದವರೇ ಮೊದಲ ಒಡೆಯರು. ಅದು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿರಬೇಕು, ಒಡೆಯರ ಸಹಿ ಇರಬೇಕು. ಬಾಯಿಮಾತು ಸಾಲದು. ನನ್ನ ಪಾಲಿಗೆ ಆ ಬರಹ ಅರ್ಜಿಯ ಹಿಂಬದಿಯಲ್ಲೇ ಇತ್ತಲ್ಲ! ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಅದು 5 ವರ್ಷಕ್ಕೆ ಅಂತ ಲೆಕ್ಕ. ಒಂದು ಸಮಾಧಾನ ಏನೆಂದರೆ, ಹಕ್ಕು ಕೊಟ್ಟ ಮೇಲೂ 'ಇದು ನಾನು ಬರೆದದ್ದು' ಅನ್ನುವ ಹಕ್ಕು ಚಿತ್ರ ಬರೆದವರ ಹತ್ತಿರವೇ ಇರುತ್ತದೆ. 57ನೇ ಸೆಕ್ಷನ್. ಅದನ್ನು ಹಿಡಿದು ಒಂದು ಪತ್ರ ಕೊಟ್ಟೆ. ಉಳಿದ ಪ್ರತಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತೇವೆ ಅಂದರು. ಅಂಟಿಸಿದ್ದನ್ನು ನಾನಂತೂ ನೋಡಿಲ್ಲ.

ಚಿತ್ರ ಸಿಕ್ಕಿದ್ದು ಜನವರಿಯಲ್ಲಿ, ಕುರ್ಚಿಗಳ ರಾಶಿಯ ಹಿಂದೆ. ಆಕಾಶದ ತುಂಬ ಬೂಷ್ಟಿನ ಚುಕ್ಕೆ. ಇದರಲ್ಲಿ ಅರ್ಧ ತಪ್ಪು ನನ್ನದೇ. 200 ರೂಪಾಯಿ ಉಳಿಸಲು ಹೋಗಿ ಮೌಂಟ್, ಅಂದರೆ ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಇಡುವ ರಟ್ಟಿನ ಅಂಚು, ಹಾಕಿಸಿರಲಿಲ್ಲ. ಗಾಜು ನೇರ ಕಾಗದಕ್ಕೆ ತಾಗಿ, ಮಧ್ಯೆ ತೇವ ನಿಂತಿತ್ತು. ಜಲವರ್ಣ ಬರೆಯುವವರು ದಯವಿಟ್ಟು ಆ ಜಿಪುಣತನ ಮಾಡಬೇಡಿ.

ಚಿತ್ರ ಕೊಡುವಾಗ ರಸೀದಿ ಕೇಳಿ. ವಾಪಸ್ ಕೊಡುವ ತಾರೀಖು ಅದರಲ್ಲೇ ಬರೆಸಿ. ಮನೆ ಬಿಡುವ ಮುಂಚೆ ಚಿತ್ರದ ಮುಂದೆ, ಹಿಂದೆ, ಸಹಿ ಇರುವ ಮೂಲೆ, ಎಲ್ಲದರ ಫೋಟೊ ಇಟ್ಟುಕೊಳ್ಳಿ. ಅರ್ಜಿಯದ್ದೂ, ಎರಡೂ ಬದಿ. 'ಪ್ರದರ್ಶನಕ್ಕೆ ಮತ್ತು ಸ್ಪರ್ಧೆಯ ಪ್ರಚಾರಕ್ಕೆ' ಅಂತ ಇದ್ದರೆ ನನ್ನ ಲೆಕ್ಕದಲ್ಲಿ ತೊಂದರೆ ಇಲ್ಲ, ಅಷ್ಟು ಅವರಿಗೂ ಬೇಕಾಗುತ್ತದೆ. 'ಎಲ್ಲ ಹಕ್ಕು' ಅಂತ ಕಂಡರೆ ಅಲ್ಲೇ ನಿಲ್ಲಿ. ಮಕ್ಕಳ ಸ್ಪರ್ಧೆಯಲ್ಲಿ ಅಪ್ಪ ಅಮ್ಮ ಕಣ್ಣುಮುಚ್ಚಿ ಸಹಿ ಹಾಕುವುದು ಇನ್ನೂ ಜಾಸ್ತಿ. ಹೊರಗೆ ಕ್ಯೂ ಇರುತ್ತದೆ, ಪೆನ್ನು ಒಂದೇ ಇರುತ್ತದೆ, ಓದುವವರು ಯಾರು?

ಹೋದ ವಾರ ಇನ್ನೊಂದು ಸ್ಪರ್ಧೆಯ ಅರ್ಜಿ ಬಂತು. ಅದರಲ್ಲೂ ಅದೇ ಸಾಲು. ಪೆನ್ನಿನಿಂದ ಗೀಟು ಹಾಕಿ, ಪಕ್ಕದಲ್ಲಿ 'ಪ್ರದರ್ಶನಕ್ಕೆ ಮಾತ್ರ' ಅಂತ ಬರೆದು ಸಹಿ ಮಾಡಿ ಕೊಟ್ಟೆ. ಮೇಜಿನ ಹಿಂದಿದ್ದ ಹುಡುಗ ಸೀಲ್ ಒತ್ತಿ ನನಗೊಂದು ಪ್ರತಿ ಕೊಟ್ಟ. ತಿರುಗಿಸಿಯೂ ನೋಡಲಿಲ್ಲ.