ಪುರಸಭೆಯ ದುಡ್ಡು ಈಜುಕೊಳಕ್ಕೋ, ಕಲ್ಯಾಣಿಗೋ?

ಈಜುಕೊಳ ಕಟ್ಟಲು ಅನುದಾನ ಹೇಗೋ ಸಿಕ್ಕೀತು. ನಡೆಸುವ ಖರ್ಚೇ ಪುರಸಭೆಗೆ ಬಿಸಿತುಪ್ಪ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಈಜುಕೊಳಕ್ಕೆ ಸುಮಾರು 4.7 ಲಕ್ಷ ಲೀಟರ್ ನೀರು ಬೇಕು. ಮೇಲೆ ಕ್ಲೋರಿನ್, ವಿದ್ಯುತ್ ಬಿಲ್, ಜೀವರಕ್ಷಕರ ಸಂಬಳ. ಪಂಪ್ ಕೆಟ್ಟು, ದುರಸ್ತಿಯ ಟೆಂಡರ್‌ಗೆ ಕಾಯುತ್ತ ಕುಳಿತರೆ ನೀರು ಹಸಿರಾಗುತ್ತದೆ.

ಹಳೆಯ ಕಲ್ಯಾಣಿಯ ಹೂಳೆತ್ತಿಸುವುದು ಅಗ್ಗ, ಅಂತರ್ಜಲಕ್ಕೂ ಒಳ್ಳೆಯದು. ಆದರೆ ಪಾಚಿಗಟ್ಟಿದ ಮೆಟ್ಟಿಲು, ತಳ ಕಾಣದ ನೀರು ಈಜು ಕಲಿಯುವ ಮಗುವಿಗೆ ತಕ್ಕುದಲ್ಲ. ಈಜುಕೊಳದಲ್ಲಿ ಆಳ ಗೊತ್ತಿರುತ್ತದೆ, ಹಿಡಿದುಕೊಳ್ಳಲು ಕಂಬಿಯಿರುತ್ತದೆ.

ಮಂಡ್ಯದ ಕಡೆಯಂತೆ ನಾಲೆ ಹಾದುಹೋಗುವ ಊರಾಗಿದ್ದು, ಶಾಲೆಗಳು ಸರದಿಯಂತೆ ಮಕ್ಕಳನ್ನು ಕಳುಹಿಸುವುದಾದರೆ ಈಜುಕೊಳಕ್ಕೇ ನನ್ನ ಮತ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿಗೆ ಕಲ್ಯಾಣಿಯೇ ಸರಿ. ಅಲ್ಲಿನ ಮಕ್ಕಳನ್ನು ರಜೆಯಲ್ಲಿ ಜಿಲ್ಲಾ ಕೇಂದ್ರದ ಈಜುಕೊಳಕ್ಕೆ ಬಸ್ಸಿನಲ್ಲಿ ಕರೆದೊಯ್ಯಬಹುದು.